ಆಂಪ್ಲಿಫೈಯರ್‌ನಲ್ಲಿ ನಿಲ್ಲದ ಹಮ್, ಮುಟ್ಟಿದರೆ ಜುಮ್: ದೋಷ ಅರ್ತಿಂಗ್‌ನದೇ?

ಹಳೇಮನೆ_ಧಾರವಾಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಫ್ಲ್ಯಾಟ್ ಬಿಟ್ಟು ಧಾರವಾಡದ ನಮ್ಮ ಹಿರಿಯರ ಮನೆಗೆ ಬಂದ ಮೇಲೆ ನನ್ನ ಆಡಿಯೋ ಸಲಕರಣೆಗಳಲ್ಲಿ ಒಂದು ತೊಂದರೆ ಕಾಣಿಸಿಕೊಂಡಿದೆ. ಮೂರು ಪಿನ್ನಿನ ಪ್ಲಗ್ ಇರುವ ಸ್ಟೀರಿಯೋ ಆಂಪ್ಲಿಫೈಯರ್, ಎರಡು ಪಿನ್ನಿನ ಟರ್ನ್‌ಟೇಬಲ್ ಮತ್ತು ಡಿವಿಡಿ ಪ್ಲೇಯರ್, ಊರಿನ ಕೇಬಲ್ ಸಂಪರ್ಕದ ಸೆಟ್‌ಟಾಪ್ ಬಾಕ್ಸ್, ಇವಿಷ್ಟೂ ಆರ್‌ಸಿಎ ಕೇಬಲ್‌ಗಳಿಂದ (ಧ್ವನಿ ಸಾಗಿಸುವ ಸಾಮಾನ್ಯ ಕೇಬಲ್) ಆಂಪ್ಲಿಫೈಯರ್‌ಗೆ ಸೇರಿವೆ. ಬೆಂಗಳೂರಿನಲ್ಲಿ ಒಂದಿಷ್ಟೂ ಸದ್ದು ಮಾಡದಿದ್ದ ಇದೇ ಸಲಕರಣೆಗಳು ಇಲ್ಲಿ ಯಾವ ಇನ್‌ಪುಟ್ ಆರಿಸಿದರೂ ಸ್ಪೀಕರ್‌ನಲ್ಲಿ ಗುಂಯ್ ಎಂದು ಹಮ್ ಮಾಡುತ್ತವೆ. ವಾಲ್ಯೂಮ್ ಏರಿಸಿದಂತೆ ಆ ಸದ್ದೂ ಏರುತ್ತದೆ, ಟರ್ನ್‌ಟೇಬಲ್ ಆರಿಸಿದಾಗ ಇನ್ನೂ ಹೆಚ್ಚು. ಇದರ ಜೊತೆಗೆ ಆಂಪ್ಲಿಫೈಯರ್‌ನ ಹಿಂಬದಿಯ ತಿರುಪುಗಳನ್ನು ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆ.

ನಾನು ಹೆಚ್ಚಾಗಿ ಕೇಳುವುದು ಹಿಂದುಸ್ತಾನಿ ಸಂಗೀತದ ಹಳೆಯ ಎಲ್‌ಪಿಗಳನ್ನು. ಆಲಾಪದ ನಡುವಿನ ಮೌನದಲ್ಲಿ ತಂಬೂರಿಯ ನಾದಕ್ಕೆ ಈ ಗುಂಯ್ ಬೆರೆತುಬಿಟ್ಟರೆ ಕೇಳುವ ಮನಸ್ಸೇ ಹೋಗುತ್ತದೆ. ಊರಿನ ವೈರ್‌ಮನ್ ಹೊಸ ಅರ್ತ್ ಗುಂಡಿ ತೋಡಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಸ್ನೇಹಿತರೊಬ್ಬರು ಮೇನ್ಸ್ ವಿದ್ಯುತ್ತನ್ನು ಶುದ್ಧಗೊಳಿಸುವ ದುಬಾರಿ ಪವರ್ ಕಂಡೀಷನರ್ ಕೊಳ್ಳಲು ಹೇಳುತ್ತಿದ್ದಾರೆ. ಹಣ ಖರ್ಚು ಮಾಡುವ ಮೊದಲು ದೋಷ ಎಲ್ಲಿದೆ ಎಂದು ತಿಳಿಯುವ ಬಗೆ ಹೇಗೆ? ಆ ಜುಮ್ ಎನ್ನುವುದು ಅಪಾಯದ ಸೂಚನೆಯೇ?

ಬೆಸುಗೆಕಡ್ಡಿ (ಮೈಸೂರು)

ಹಮ್ ಮತ್ತು ಜುಮ್ ಎರಡನ್ನೂ ಒಂದೇ ದೋಷವೆಂದು ಭಾವಿಸಬೇಡಿ. ಒಂದೇ ಮೂಲದಿಂದ ಬಂದಿರಲೂಬಹುದು, ಆದರೆ ಅದನ್ನು ಪರೀಕ್ಷೆ ಹೇಳಬೇಕು. ಅರ್ತಿಂಗ್ ಕೆಟ್ಟಿರುವ ಎಷ್ಟೋ ಮನೆಗಳಲ್ಲಿ ಹಮ್ ಇರುವುದಿಲ್ಲ. ಅತ್ಯುತ್ತಮ ಅರ್ತಿಂಗ್ ಇರುವ ಮನೆಗಳಲ್ಲಿ ಜೋರಾದ ಹಮ್ ಇರುತ್ತದೆ. ಅರ್ತಿಂಗ್ ಇರುವುದು ಮನುಷ್ಯರ ಜೀವ ಉಳಿಸಲು, ಸಂಗೀತವನ್ನು ಶುದ್ಧಗೊಳಿಸಲು ಅಲ್ಲ.

ಮೊದಲು ಜುಮ್‌ನ ವಿಚಾರ. ಈಗಿನ ಬಹುತೇಕ ಉಪಕರಣಗಳ ಪವರ್ ಸಪ್ಲೈಯಲ್ಲಿ ಗದ್ದಲ ತಡೆಯಲೆಂದು ಮೇನ್ಸ್‌ಗೂ ಲೋಹದ ಮೈಗೂ ನಡುವೆ ಚಿಕ್ಕ ಕೆಪಾಸಿಟರ್‌ಗಳನ್ನು ಹಾಕಿರುತ್ತಾರೆ. ಅವುಗಳ ಮೂಲಕ ತೀರ ಅಲ್ಪ ಪ್ರಮಾಣದ ಕರೆಂಟು ಲೋಹದ ಮೈಗೆ ಸೋರುತ್ತಿರುತ್ತದೆ. ಅರ್ತ್ ತಂತಿ ಸರಿಯಿದ್ದರೆ ಅದು ಅಲ್ಲಿಯೇ ಇಳಿದುಹೋಗುತ್ತದೆ. ಇಲ್ಲವಾದರೆ ಮೈ 230 ವೋಲ್ಟ್‌ನ ಸುಮಾರು ಅರ್ಧಕ್ಕೆ ಏರಿ ನಿಲ್ಲುತ್ತದೆ. ಕರೆಂಟು ಕಡಿಮೆ ಇರುವುದರಿಂದ ಜುಮ್ ಎನ್ನಿಸಿ ಬಿಡುತ್ತದೆ. ಎರಡು ಪಿನ್ನಿನ ಉಪಕರಣಗಳಲ್ಲಿ ಇದು ಸಾಮಾನ್ಯ ಸಂಗತಿ. ಆದರೆ ನಿಮ್ಮ ಆಂಪ್ಲಿಫೈಯರ್‌ಗೆ ಮೂರನೆಯ ಪಿನ್ ಇದೆ, ಉಳಿದ ಉಪಕರಣಗಳ ಸೋರಿಕೆಯೂ ಆರ್‌ಸಿಎ ಕೇಬಲ್‌ನ ಶೀಲ್ಡ್ (ಒಳತಂತಿಯನ್ನು ಸುತ್ತಿರುವ ಲೋಹದ ಹೊರಹೆಣಿಗೆ) ಮೂಲಕ ಅದಕ್ಕೇ ಬಂದು ಸೇರುತ್ತದೆ. ಹಾಗಿದ್ದೂ ಅದರ ಮೈ ಜುಮ್ ಎನ್ನುತ್ತಿದೆ ಎಂದರೆ ಸಾಕೆಟ್ಟಿನ ಅರ್ತ್ ಕೆಲಸ ಮಾಡುತ್ತಿಲ್ಲವೆಂದೇ ಬಲವಾದ ಅನುಮಾನ ಪಡಬೇಕು. ಅದು ಖಚಿತವಾಗುವವರೆಗೆ ಸಲಕರಣೆಗಳನ್ನು ಪರೀಕ್ಷೆಗಷ್ಟೇ ಬಳಸಿ.

ಈಗ ಹಮ್. ಎಲ್ಲ ಇನ್‌ಪುಟ್ ಕೇಬಲ್‌ಗಳನ್ನು ಕಳಚಿ ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳನ್ನು ಮಾತ್ರ ಉಳಿಸಿ ಕೇಳಿ. ಹಮ್ ಹಾಗೆಯೇ ಉಳಿದರೆ ದೋಷ ಆಂಪ್ಲಿಫೈಯರ್‌ನೊಳಗಿದೆ. ಹಳೆಯ ಯಂತ್ರಗಳಲ್ಲಿ ಫಿಲ್ಟರ್ ಕೆಪಾಸಿಟರ್ ಒಣಗಿರುವುದು ಸಾಮಾನ್ಯ ಕಾರಣ. ಹಮ್ ಹೋದರೆ ಕೇಬಲ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಯಾವುದಕ್ಕೆ ಸದ್ದು ಮರಳುತ್ತದೆ ಎಂದು ನೋಡಿ. ಎಲ್ಲವನ್ನೂ ಸೇರಿಸಿದ ಮೇಲೆ ಸೆಟ್‌ಟಾಪ್ ಬಾಕ್ಸ್‌ನ ಹಿಂದಿನ ಕೇಬಲ್ ಟಿವಿಯ ತಂತಿಯೊಂದನ್ನೇ ಬಿಚ್ಚಿ ಕೇಳಿ. ಈ ಕೊನೆಯ ಪರೀಕ್ಷೆಯನ್ನು ತಪ್ಪಿಸಬೇಡಿ. ಪ್ರತಿ ಸಲವೂ ಎಲ್ಲ ಪ್ಲಗ್‌ಗಳನ್ನು ಕಿತ್ತ ಬಳಿಕವೇ ಸೇರಿಸಿ, ಬಿಚ್ಚಿ. ಒಂದು ಕೈಯಲ್ಲಿ ಆ ತಂತಿಯ ಲೋಹದ ಭಾಗ, ಇನ್ನೊಂದರಲ್ಲಿ ಆಂಪ್ಲಿಫೈಯರ್ ಹಿಡಿಯುವ ಸಂದರ್ಭ ಬರಬಾರದು. ಮಲ್ಟಿಮೀಟರ್ ಬಳಸಲು ಬಲ್ಲವರಿದ್ದರೆ ಸಾಕೆಟ್ಟಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರನ್ನೂ ಅಳೆದು ಇಲ್ಲಿ ಬರೆಯಿರಿ.

ಹಳೇಮನೆ_ಧಾರವಾಡ

ವಿವರವಾದ ಉತ್ತರಕ್ಕೆ ಧನ್ಯವಾದಗಳು. ಆಂಪ್ಲಿಫೈಯರ್ ಒಂದೇ ಇದ್ದಾಗ ಸಂಪೂರ್ಣ ನಿಶ್ಶಬ್ದ. ಡಿವಿಡಿ ಪ್ಲೇಯರ್ ಸೇರಿಸಿದರೂ ಸದ್ದಿಲ್ಲ. ಸೆಟ್‌ಟಾಪ್ ಬಾಕ್ಸ್‌ನ ಆರ್‌ಸಿಎ ಸೇರಿಸಿದೊಡನೆ ಹಮ್ ಶುರುವಾಗುತ್ತದೆ. ಅದರ ಹಿಂದಿನ ಕೇಬಲ್ ಟಿವಿಯ ತಂತಿಯನ್ನು ಬಿಚ್ಚಿದರೆ ಹಮ್ ಬಹುಪಾಲು ಇಳಿಯುತ್ತದೆ, ಆದರೆ ವಿಚಿತ್ರವೆಂದರೆ ಆಗ ಆಂಪ್ಲಿಫೈಯರ್ ಮುಟ್ಟಿದರೆ ಜುಮ್ ಎನ್ನುವುದು ಮೊದಲಿಗಿಂತ ಜೋರಾಗುತ್ತದೆ.

ನೆರೆಮನೆಯ ಎಲೆಕ್ಟ್ರಾನಿಕ್ಸ್ ಉಪನ್ಯಾಸಕರು ಅಳೆದುಕೊಟ್ಟ ಅಂಕಿಗಳು ಹೀಗಿವೆ. ಕೇಬಲ್ ಟಿವಿಯ ತಂತಿ ಬಿಚ್ಚಿದ್ದಾಗ ಫೇಸ್–ನ್ಯೂಟ್ರಲ್ 226 ವೋಲ್ಟ್, ಫೇಸ್–ಅರ್ತ್ 131, ನ್ಯೂಟ್ರಲ್–ಅರ್ತ್ 95. ಅದೇ ತಂತಿಯನ್ನು ಸೇರಿಸಿದ ಕೂಡಲೇ ಫೇಸ್–ಅರ್ತ್ 214ಕ್ಕೆ ಏರಿ ನ್ಯೂಟ್ರಲ್–ಅರ್ತ್ 12ಕ್ಕೆ ಇಳಿಯಿತು. ಟಿವಿಯ ತಂತಿಗೂ ಗೋಡೆಯ ಸಾಕೆಟ್ಟಿಗೂ ಏನು ಸಂಬಂಧವೆಂದು ಇಬ್ಬರಿಗೂ ಅಚ್ಚರಿಯಾಯಿತು.

ಮಣ್ಣುತಂತಿ (ವಿದ್ಯುತ್ ಗುತ್ತಿಗೆದಾರ, ಉಡುಪಿ)

ಈ ಅಂಕಿಗಳನ್ನು ಓದಿ ಕೂಡಲೇ ಬರೆಯುತ್ತಿದ್ದೇನೆ, ಏಕೆಂದರೆ ಇದು ಆಡಿಯೋ ವಿಷಯ ಮೀರಿದ್ದು. ನಿಮ್ಮ ಮನೆಯ ಅರ್ತ್ ತಂತಿ ಗುಂಡಿಯನ್ನು ತಲುಪುತ್ತಿಲ್ಲ. ಸದ್ಯಕ್ಕೆ ಇಡೀ ಮನೆಗೆ ಅರ್ತ್ ಆಗಿ ದುಡಿಯುತ್ತಿರುವುದು ಕೇಬಲ್ ಟಿವಿಯ ತಂತಿಯ ಹೊರಹೆಣಿಗೆ. ಫ್ರಿಜ್, ವಾಷಿಂಗ್ ಮಷಿನ್, ಕಂಪ್ಯೂಟರ್ ಎಲ್ಲದರ ಸೋರಿಕೆ ಮನೆಯ ಅರ್ತ್ ತಂತಿಗೆ ಬರುತ್ತದೆ. ಅಲ್ಲಿಂದ ನೆಲಕ್ಕೆ ಹೋಗಲು ದಾರಿಯಿಲ್ಲದೆ ಆಂಪ್ಲಿಫೈಯರ್‌ನ ಮೂರನೆಯ ಪಿನ್ ಹಿಡಿದು ಅದರ ಮೈಗೆ, ಅಲ್ಲಿಂದ ಆರ್‌ಸಿಎ ಶೀಲ್ಡ್ ಮೂಲಕ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಕಂಬದ ಕಡೆಗೆ ಹೊರಟುಹೋಗುತ್ತದೆ. ನಿಮಗೆ ಕೇಳಿಸುತ್ತಿರುವ ಹಮ್ ಆ ಹರಿವಿನದು. ತಂತಿ ಬಿಚ್ಚಿದಾಗ ಆ ದಾರಿಯೂ ಮುಚ್ಚಿ ಹಮ್ ಇಳಿಯುತ್ತದೆ, ಜುಮ್ ಏರುತ್ತದೆ. ನೀವು ಕಂಡದ್ದೂ ಅದನ್ನೇ.

ಈ ಸ್ಥಿತಿಯಲ್ಲಿ ಫ್ರಿಜ್‌ನಲ್ಲೋ ಗೀಸರ್‌ನಲ್ಲೋ ಫೇಸ್ ತಂತಿ ಸುಲಿದು ಲೋಹಕ್ಕೆ ತಾಗಿತೆಂದರೆ ಮನೆಯಲ್ಲಿ ಮೂರು ಪಿನ್ನಿನ ಪ್ಲಗ್ ಇರುವ ಎಲ್ಲ ಉಪಕರಣಗಳ ಮೈಗೂ 230 ವೋಲ್ಟ್ ಬಂದು ನಿಲ್ಲುತ್ತದೆ. ಆ ಕರೆಂಟನ್ನು ಹೊತ್ತೊಯ್ಯಲು ಕಡ್ಡಿಯಷ್ಟು ತೆಳುವಾದ ಸಿಗ್ನಲ್ ಕೇಬಲ್ ತಯಾರಾದದ್ದಲ್ಲ.

ಪರವಾನಗಿ ಇರುವ ವೈರ್‌ಮನ್‌ರನ್ನು ಕರೆಸಿ, ಆಡಿಯೋ ಸಲಕರಣೆಗಳನ್ನೆಲ್ಲ ಕಳಚಿಟ್ಟು, ಫೇಸ್ ಮತ್ತು ಅರ್ತ್ ನಡುವೆ 100 ವಾಟ್‌ನ ಹಳೆಯ ಬಗೆಯ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಲು ಹೇಳಿ. ಬಲ್ಬು ಪೂರ್ಣವಾಗಿ ಉರಿದರೆ ದಾರಿ ಇದೆ, ಮಂಕಾದರೆ ದಾರಿ ಕೆಟ್ಟಿದೆ, ಉರಿಯದಿದ್ದರೆ ಕಡಿದಿದೆ. ಮಲ್ಟಿಮೀಟರ್ ಬಹಳ ಕಡಿಮೆ ಕರೆಂಟು ಎಳೆಯುವುದರಿಂದ ತುಕ್ಕು ಹಿಡಿದ ಜೋಡಣೆಯನ್ನೂ ಸರಿಯಿದೆ ಎಂದು ತೋರಿಸಬಲ್ಲದು. ಬಲ್ಬು ಹಾಗೆ ಮೋಸ ಹೋಗುವುದಿಲ್ಲ. ಈ ಪರೀಕ್ಷೆ ನಡೆಯುವಾಗ ಮನೆಯವರು ಯಾರೂ ಯಾವ ಯಂತ್ರದ ಲೋಹವನ್ನೂ ಮುಟ್ಟಬಾರದು, ಏಕೆಂದರೆ ಅರ್ತ್ ಕಡಿದಿದ್ದರೆ ಬಲ್ಬಿನ ಮೂಲಕ ಫೇಸ್ ಎಲ್ಲ ಕಡೆಗೂ ಹೋಗಿರುತ್ತದೆ. ಅರ್ತ್‌ನ ರೆಸಿಸ್ಟೆನ್ಸ್ ನಿಖರವಾಗಿ ತಿಳಿಯಬೇಕಾದರೆ ಅರ್ತ್ ಟೆಸ್ಟರ್ ಬೇಕು.

ಹೊಸ ಗುಂಡಿಯ ಅಗತ್ಯವಿದೆಯೇ ಎಂದು ತೋಡುವ ಮುನ್ನ ಹಳೆಯದನ್ನು ಹುಡುಕಿಸಿ. ನಾನು ಕಂಡ ಮಟ್ಟಿಗೆ ಕೆಡುವುದು ಗುಂಡಿಯಲ್ಲ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಜಿಐ ತಂತಿಯನ್ನು ಬಿಗಿದ ಜಾಗ. ಇದ್ದಿಲಿನ ಜೊತೆ ತುಂಬಿದ ಉಪ್ಪು ತೇವ ಹಿಡಿದಿಡುತ್ತದೆ, ಆದರೆ ಅದೇ ಉಪ್ಪು ಆ ಜೋಡಣೆಯನ್ನು ತಿನ್ನುತ್ತದೆ. ಮಣ್ಣನ್ನೂ ಗಮನಿಸಬೇಕು. ನಮ್ಮ ಕರಾವಳಿಯ ಜಂಬಿಟ್ಟಿಗೆ ಕಲ್ಲಿನಲ್ಲಿ ಒಳ್ಳೆಯ ಅರ್ತ್ ಸಿಗುವುದೇ ಕಷ್ಟ. ನಿಮ್ಮ ಕಡೆಯ ಎರೆಮಣ್ಣು ಹಸಿಯಿದ್ದಾಗ ಉತ್ತಮ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ಸರಿದು ನಿಲ್ಲುತ್ತದೆ. ಪೈಪಿನ ಬಾಯಿಗೆ ಫನೆಲ್ ಇಡುವುದು ನೀರೆರೆಯಲಿಕ್ಕಾಗಿಯೇ.

ಎರಡು ಮಾತು ಖಂಡಿತವಾಗಿ ಹೇಳಬೇಕು. ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲ್‌ಗೂ ಅರ್ತ್‌ಗೂ ಒಂದು ತುಂಡು ತಂತಿ ಸೇರಿಸಿ ಅರ್ತ್ ಬಂತೆಂದು ತೋರಿಸುತ್ತಾರೆ. ಮೀಟರ್ ಒಳ್ಳೆಯ ಅಂಕಿ ತೋರಿಸುತ್ತದೆ, ಆದರೆ ಎಲ್ಲಾದರೂ ನ್ಯೂಟ್ರಲ್ ಕಡಿದ ಕ್ಷಣ ಆಂಪ್ಲಿಫೈಯರ್‌ನ ಮೈ ಫೇಸ್ ಆಗುತ್ತದೆ. ಒಪ್ಪಲೇಬೇಡಿ. ಎರಡನೆಯದು, ಅರ್ತ್ ಸರಿಪಡಿಸಿದ ಮೇಲೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ನೆಲಕ್ಕೆ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಿ. ಗುಂಡಿಯ ರೆಸಿಸ್ಟೆನ್ಸ್ 5 ಓಮ್ ಇದೆಯೆನ್ನಿ, ಫೇಸ್ ನೇರವಾಗಿ ಲೋಹಕ್ಕೆ ತಾಗಿದರೂ 46 ಆಂಪಿಯರ್‌ಗಿಂತ ಹೆಚ್ಚು ಹರಿಯದು. 16 ಆಂಪಿಯರ್‌ನ ಸಿ ಮಾದರಿಯ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು) ತಕ್ಷಣ ಬೀಳಲು 80ರಿಂದ 160 ಆಂಪಿಯರ್ ಬೇಕು. ಹಾಗಾಗಿ ಅದು ಬಿಸಿಯಾಗಿ ಬೀಳುವವರೆಗೆ ಹಲವು ಸೆಕೆಂಡುಗಳ ಕಾಲ ಲೋಹದ ಮೈಮೇಲೆ ಅಪಾಯದ ವೋಲ್ಟೇಜ್ ನಿಂತಿರುತ್ತದೆ.

ಎರಡು_ಪಿನ್

ಇಷ್ಟೆಲ್ಲ ತೊಡಕು ಯಾಕೆ ಎಂಬುದು ನನ್ನ ಪ್ರಶ್ನೆ. ನಮ್ಮ ಮನೆಯಲ್ಲಿಯೂ ಹೀಗೆಯೇ ಹಮ್ ಇತ್ತು. ಆಂಪ್ಲಿಫೈಯರ್‌ನ ಪ್ಲಗ್ಗಿನಲ್ಲಿ ಅರ್ತ್ ತಂತಿಯನ್ನು ಕಳಚಿಬಿಟ್ಟೆ, ಅಂದಿನಿಂದ ಸದ್ದಿಲ್ಲ, ಯಾರಿಗೂ ಏನೂ ಆಗಿಲ್ಲ. ಕಾರ್ಯಕ್ರಮಗಳಿಗೆ ಸೌಂಡ್ ಸಿಸ್ಟಮ್ ಹಾಕುವವರೂ ಗ್ರೌಂಡ್ ಲಿಫ್ಟ್ ಎಂದು ಇದನ್ನೇ ಮಾಡುವುದನ್ನು ನೋಡಿದ್ದೇನೆ. ಅದೂ ಆಗದಿದ್ದರೆ ಆಡಿಯೋಗೆಂದೇ ಅಂಗಳದಲ್ಲಿ ಪ್ರತ್ಯೇಕವಾದ ರಾಡ್ ಒಂದನ್ನು ಹೂಳಬಹುದಲ್ಲವೇ?

ಬೆಸುಗೆಕಡ್ಡಿ (ಮೈಸೂರು)

ಎರಡು ಪಿನ್ ಅವರೇ, ನಿಮ್ಮ ಹಮ್ ಹೋದದ್ದು ನಿಜವಿರಬಹುದು, ಏಕೆಂದರೆ ಅರ್ತ್ ಮೂಲಕ ಕರೆಂಟು ಹರಿಯುತ್ತಿದ್ದ ಸುತ್ತು ಕಡಿದುಹೋಯಿತು. ಆದರೆ ಕಡಿದದ್ದು ಜೀವ ಕಾಯುವ ತಂತಿಯನ್ನು. ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್‌ನಲ್ಲಿ ಇನ್ಸುಲೇಷನ್ ಒಡೆದ ದಿನ ಅದರ ಮೈ, ಅದಕ್ಕೆ ಸೇರಿದ ಪ್ರತಿಯೊಂದು ಆರ್‌ಸಿಎ ಪ್ಲಗ್, ಟರ್ನ್‌ಟೇಬಲ್‌ನ ಮುಳ್ಳಿನ ತೋಳು (ಟೋನ್‌ಆರ್ಮ್) ಎಲ್ಲವೂ ಫೇಸ್ ಆಗಿರುತ್ತವೆ. ಯಾರಿಗೂ ಏನೂ ಆಗಿಲ್ಲ ಎಂಬುದು ಅಂದಿನವರೆಗಿನ ಮಾತು. ದಯವಿಟ್ಟು ಆ ತಂತಿಯನ್ನು ಮರಳಿ ಜೋಡಿಸಿ.

ವೃತ್ತಿಯವರ ಗ್ರೌಂಡ್ ಲಿಫ್ಟ್ ಬೇರೆಯದು. ವಾದ್ಯವನ್ನು ಮಿಕ್ಸರ್‌ಗೆ ಸೇರಿಸುವ ಡಿಐ ಬಾಕ್ಸ್‌ನ ಆ ಸ್ವಿಚ್ಚು ಸಿಗ್ನಲ್ ಕೇಬಲ್‌ನ ಶೀಲ್ಡ್ ಅನ್ನು ಒಂದು ತುದಿಯಲ್ಲಿ ಬಿಡಿಸುತ್ತದೆಯೇ ಹೊರತು ಮೇನ್ಸ್ ಅರ್ತ್ ಅನ್ನು ಮುಟ್ಟುವುದಿಲ್ಲ. ಅವರದು ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಆಡಿಯೋ ಪ್ಲಗ್‌ನ ಬ್ಯಾಲೆನ್ಸ್‌ಡ್ ಸಂಪರ್ಕ, ಶೀಲ್ಡ್ ಸೇರುವುದು ಅದರ ಪಿನ್ 1ಕ್ಕೆ. ಸಿಗ್ನಲ್ ಎರಡು ತಂತಿಗಳ ನಡುವಿನ ವ್ಯತ್ಯಾಸದಲ್ಲಿ ಸಾಗುತ್ತದೆ, ಶೀಲ್ಡ್‌ಗೆ ಸಿಗ್ನಲ್‌ನ ಹೊಣೆಯಿಲ್ಲ. ಅಲ್ಲಿಯೂ ಉಪಕರಣದೊಳಗೆ ಶೀಲ್ಡನ್ನು ಲೋಹದ ಮೈಗೆ ಸೇರಿಸದೆ ಸರ್ಕ್ಯೂಟ್‌ನ ಗ್ರೌಂಡ್‌ಗೆ ಸೇರಿಸಿದರೆ ಹಮ್ ನುಗ್ಗುತ್ತದೆ. ಆಡಿಯೋ ಎಂಜಿನಿಯರ್ ನೀಲ್ ಮನ್ಸಿ 1995ರಲ್ಲಿ ಇದನ್ನು ಪಿನ್ 1 ಸಮಸ್ಯೆ ಎಂದು ವಿವರಿಸಿ ಬರೆದರು. 2005ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿ ಈ ಜೋಡಣೆಗಾಗಿ ಎಇಎಸ್48 ಎಂಬ ಮಾನದಂಡವನ್ನೇ ತಂದಿತು.

ನಮ್ಮ ಮನೆಗಳ ಆರ್‌ಸಿಎಯಲ್ಲಿ ಶೀಲ್ಡ್ ಎಂಬುದೇ ಸಿಗ್ನಲ್ ಮರಳುವ ದಾರಿ. ಅದರಲ್ಲಿ ಹರಿಯುವ ಹೊರಗಿನ ಕರೆಂಟು ಉಂಟುಮಾಡುವ ವೋಲ್ಟೇಜ್ ನೇರವಾಗಿ ಸಂಗೀತಕ್ಕೆ ಕೂಡಿಕೊಳ್ಳುತ್ತದೆ. ಶೀಲ್ಡ್ ಮತ್ತು ಅದರ ಜೋಡಣೆಗಳ ರೆಸಿಸ್ಟೆನ್ಸ್ 0.1 ಓಮ್, ಹರಿವು 5 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ 0.5 ಮಿಲಿವೋಲ್ಟ್ ಹಮ್ ಸಿಗುತ್ತದೆ. ಮನೆಯ ಉಪಕರಣಗಳ ಸಾಮಾನ್ಯ ಮಟ್ಟ 316 ಮಿಲಿವೋಲ್ಟ್. ಅಂದರೆ ಹಮ್ ಅದಕ್ಕಿಂತ 56 ಡೆಸಿಬಲ್ ಮಾತ್ರ ಕೆಳಗೆ. ಚಿತ್ರಗೀತೆಯಲ್ಲಿ ಅದು ಮುಚ್ಚಿಹೋಗಬಹುದು, ವಿಲಂಬಿತ ಖಯಾಲಿನಲ್ಲಿ ಮುಚ್ಚಿಹೋಗದು. ಗಾಯಕರ ಷಡ್ಜ ಹಾರ್ಮೋನಿಯಂನ ಕರಿ ಒಂದರಲ್ಲಿದ್ದರೆ ಹಮ್‌ನ 100 ಹರ್ಟ್ಸ್ ಅಂಶ ತೀವ್ರ ಮಧ್ಯಮಕ್ಕಿಂತ ತುಸು ಮೇಲೆ ಬಂದು ಕೂರುತ್ತದೆ. ಪ್ರಶ್ನೆ ಕೇಳಿದವರ ಕಿವಿಗೆ ಅಷ್ಟು ಕಿರಿಕಿರಿಯಾದದ್ದರಲ್ಲಿ ಆಶ್ಚರ್ಯವೇನಿಲ್ಲ.

ಪ್ರತ್ಯೇಕ ರಾಡ್ ಹೂಳುವ ಸಲಹೆ ಇನ್ನೂ ಕೆಟ್ಟದ್ದು. ಒಂದಕ್ಕೊಂದು ಸೇರದ ಎರಡು ಅರ್ತ್‌ಗಳ ನಡುವೆ ಯಾವಾಗಲೂ ವೋಲ್ಟೇಜ್ ವ್ಯತ್ಯಾಸವಿರುತ್ತದೆ, ಹಮ್ ಹುಟ್ಟುವುದೇ ಅದರಿಂದ. ಹತ್ತಿರದಲ್ಲಿ ಸಿಡಿಲು ಬಡಿದಾಗ ಆ ವ್ಯತ್ಯಾಸ ಸಾವಿರಾರು ವೋಲ್ಟ್‌ಗೆ ಏರಬಹುದು, ಮತ್ತು ಅದು ನಿಮ್ಮ ಸಲಕರಣೆಗಳ ಮೂಲಕವೇ ಸಮನಾಗಲು ನೋಡುತ್ತದೆ. ಹೆಚ್ಚುವರಿ ರಾಡ್ ಹಾಕಿದರೆ ಅದನ್ನು ಮನೆಯ ಮುಖ್ಯ ಅರ್ತ್‌ಗೆ ದಪ್ಪ ತಂತಿಯಿಂದ ಸೇರಿಸಲೇಬೇಕು.

ಹಳೇಮನೆ_ಧಾರವಾಡ

ಮಣ್ಣುತಂತಿ ಅವರ ಊಹೆಯೇ ನಿಜವಾಯಿತು. ಹಿತ್ತಲಿಗೆ ಫರಸಿ ಹಾಸಿದಾಗ ಹಳೆಯ ಗುಂಡಿಯ ಮೇಲೂ ಕಲ್ಲು ಕೂತಿತ್ತು. ಎಬ್ಬಿಸಿ ನೋಡಿದರೆ ಪೈಪು ಗಟ್ಟಿಯಾಗಿದೆ, ಆದರೆ ಅದಕ್ಕೆ ಬಿಗಿದ ತಂತಿ ತುಕ್ಕು ತಿಂದು ತುಂಡಾಗಿದೆ. ಹೊಸ ಕ್ಲ್ಯಾಂಪು, ಹೊಸ ತಂತಿ ಹಾಕಿ, ಆರ್‌ಸಿಸಿಬಿಯನ್ನೂ ಕೂರಿಸಲಾಯಿತು. ಈಗ ಕೇಬಲ್ ಟಿವಿಯ ತಂತಿ ಇದ್ದರೂ ಇಲ್ಲದಿದ್ದರೂ ನ್ಯೂಟ್ರಲ್–ಅರ್ತ್ 2 ವೋಲ್ಟ್ ದಾಟುವುದಿಲ್ಲ, ಜುಮ್ ಎನ್ನುವುದು ಸಂಪೂರ್ಣ ಹೋಗಿದೆ. ಹಮ್ ಮಾತ್ರ ಕಡಿಮೆಯಾಗಿದ್ದರೂ ಉಳಿದಿದೆ, ಈಗಲೂ ಆ ತಂತಿ ಬಿಚ್ಚಿದರೆ ನಿಲ್ಲುತ್ತದೆ. ಸಂಜೆಯ ಹೊತ್ತು ಹೆಚ್ಚು ಕೇಳಿಸುತ್ತದೆ.

ಬೆಸುಗೆಕಡ್ಡಿ (ಮೈಸೂರು)

ಇದು ನಿರೀಕ್ಷಿತವೇ. ಮೊದಲು ಮನೆಗೆ ಅರ್ತ್ ಇರಲಿಲ್ಲ, ಈಗ ಎರಡಾಗಿವೆ. ಆಂಪ್ಲಿಫೈಯರ್ ನಿಮ್ಮ ಹಿತ್ತಲಿನ ಗುಂಡಿಗೆ ಇಳಿದಿದೆ, ಕೇಬಲ್ ಟಿವಿಯ ತಂತಿಯ ಹೊರಹೆಣಿಗೆ ಬೀದಿಯ ಇನ್ನೆಲ್ಲೋ ಇಳಿದಿದೆ. ಎರಡು ನೆಲಗಳ ನಡುವಿನ ವ್ಯತ್ಯಾಸ ಬೀದಿಯ ಲೋಡ್ ಏರಿದಂತೆ ಏರುವುದರಿಂದ ಸಂಜೆ ಹಮ್ ಹೆಚ್ಚು. ಗ್ರೌಂಡ್ ಲೂಪ್ ಎಂದರೆ ಇದೇ, ಮತ್ತು ಗುಂಡಿಯನ್ನು ಎಷ್ಟು ಚೆನ್ನಾಗಿ ಮಾಡಿದರೂ ಇದು ಹೋಗುವುದಿಲ್ಲ. ಪವರ್ ಕಂಡೀಷನರ್‌ನಿಂದಲೂ ಹೋಗುವುದಿಲ್ಲ, ಏಕೆಂದರೆ ಸದ್ದು ಬರುತ್ತಿರುವುದು ಪ್ಲಗ್ಗಿನ ಕಡೆಯಿಂದಲ್ಲ.

ಗೋಡೆಯಿಂದ ಬರುವ ತಂತಿಗೂ ಸೆಟ್‌ಟಾಪ್ ಬಾಕ್ಸ್‌ಗೂ ನಡುವೆ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿ. ಹೆಬ್ಬೆರಳಿನಷ್ಟಿರುವ ಈ ವಸ್ತುವಿನಲ್ಲಿ ಒಳತಂತಿಗೂ ಹೊರಹೆಣಿಗೆಗೂ ಚಿಕ್ಕ ಕೆಪಾಸಿಟರ್‌ಗಳಿರುತ್ತವೆ. ಟಿವಿ ಸಿಗ್ನಲ್‌ನ ಮೆಗಾಹರ್ಟ್ಸ್‌ಗಳನ್ನು ಬಿಟ್ಟುಕೊಟ್ಟು 50 ಹರ್ಟ್ಸ್ ಅನ್ನು ತಡೆಯುತ್ತವೆ. ಓದುವ ಇತರರಿಗೆ ಒಂದು ಎಚ್ಚರಿಕೆ: ಛಾವಣಿಯ ಮೇಲೆ ಡಿಶ್ ಇರುವವರು ಇದನ್ನು ಬಳಸಲಾಗದು. ಡಿಶ್‌ನ ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಘಟಕ) ಅದೇ ತಂತಿಯಲ್ಲಿ 13 ಅಥವಾ 18 ವೋಲ್ಟ್ ಡಿಸಿ ಹೋಗಬೇಕು, ಐಸೊಲೇಟರ್ ಅದನ್ನೂ ತಡೆದು ಚಿತ್ರವೇ ಬರುವುದಿಲ್ಲ. ಅವರು ಡಿಶ್‌ನ ಕಂಬವನ್ನೂ ತಂತಿಯ ಹೊರಹೆಣಿಗೆಯನ್ನೂ ಮನೆಯ ಅದೇ ಅರ್ತ್‌ಗೆ ಸೇರಿಸಿ, ಹಮ್ ಉಳಿದರೆ ಆರ್‌ಸಿಎ ಕೇಬಲ್‌ನಲ್ಲಿ ತಂತಿಗಳು ನೇರವಾಗಿ ತಾಗದಂತೆ ಸಿಗ್ನಲ್ ದಾಟಿಸುವ 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಬೇಕು. ಅಗ್ಗದ ಟ್ರಾನ್ಸ್‌ಫಾರ್ಮರ್‌ಗಳು ತಬಲಾದ ಬಾಯಾಂ ನಾದವನ್ನು ತೆಳುವಾಗಿಸುತ್ತವೆ, ಕೇಳಿ ನೋಡಿಯೇ ಕೊಳ್ಳಿ. ಬಾಕ್ಸ್ ಮತ್ತು ಆಂಪ್ಲಿಫೈಯರ್ ಎರಡರಲ್ಲೂ ಆಪ್ಟಿಕಲ್ ಸಂಪರ್ಕವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. 1983ರಲ್ಲಿ ತೋಶಿಬಾ ತಂದ ಟಾಸ್‌ಲಿಂಕ್‌ನಲ್ಲಿ ಸಾಗುವುದು ಬೆಳಕು, ಅದರಲ್ಲಿ ಹಮ್ ಹರಿಯಲು ತಾಮ್ರವೇ ಇಲ್ಲ.

ಎಲ್ಲ ಸಲಕರಣೆಗಳ ಪ್ಲಗ್‌ಗಳನ್ನು ಒಂದೇ ಸ್ಪೈಕ್ ಬೋರ್ಡಿಗೆ ತನ್ನಿ. ಲ್ಯಾಪ್‌ಟಾಪ್ ಸೇರಿಸಿದಾಗ ಕೀರಲು ಸದ್ದು ಬಂದು ಚಾರ್ಜರ್ ಕಿತ್ತೊಡನೆ ನಿಂತರೆ ಅದೂ ಇದೇ ಜಾತಿಯದು. ಕೇಳುವಾಗ ಬ್ಯಾಟರಿಯಲ್ಲಿ ನಡೆಸುವುದೇ ಸುಲಭ.

ಹಳೇಮನೆ_ಧಾರವಾಡ

ಐಸೊಲೇಟರ್ ಹಾಕಿದೆ. ಟಿವಿ, ಡಿವಿಡಿ ಎರಡರಲ್ಲೂ ಈಗ ಸದ್ದಿಲ್ಲ. ಟರ್ನ್‌ಟೇಬಲ್ ಆರಿಸಿದಾಗ ಮಾತ್ರ ಸಣ್ಣಗೆ ಗುಂಯ್ ಎನ್ನುತ್ತದೆ. ಅದರ ಗ್ರೌಂಡ್ ತಂತಿಯನ್ನು ಆಂಪ್ಲಿಫೈಯರ್‌ನ ಜಿಎನ್‌ಡಿ ತಿರುಪಿಗೆ ಬಿಗಿದಿದ್ದೇನೆ. ಬಿಚ್ಚಿದರೆ ಸದ್ದು ಜೋರಾಗುತ್ತದೆ.

ಬೆಸುಗೆಕಡ್ಡಿ (ಮೈಸೂರು)

ಹಾಗಾದರೆ ಗ್ರೌಂಡ್ ತಂತಿ ತನ್ನ ಕೆಲಸ ಮಾಡುತ್ತಿದೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ (ಮುಳ್ಳು ಹೊತ್ತ ಭಾಗ) ಕೊಡುವುದು 5 ಮಿಲಿವೋಲ್ಟ್‌ನ ಆಸುಪಾಸು, ಅದರ ಮೇಲೆ ಆರ್‌ಐಎಎ ಈಕ್ವಲೈಸೇಷನ್ (ಎಲ್‌ಪಿಗಾಗಿ ಆಂಪ್ಲಿಫೈಯರ್ ಮಾಡುವ ಸ್ವರಮಟ್ಟದ ಹೊಂದಾಣಿಕೆ) 50 ಹರ್ಟ್ಸ್ ಅನ್ನು 1000 ಹರ್ಟ್ಸ್‌ಗಿಂತ 17 ಡೆಸಿಬಲ್ ಹೆಚ್ಚು ಎತ್ತುತ್ತದೆ, ಆದ್ದರಿಂದ ಇಲ್ಲಿ ಸಣ್ಣ ಹಮ್ ಕೂಡ ದೊಡ್ಡದಾಗುತ್ತದೆ. ವಾಲ್ಯೂಮ್ ಏರಿಸಿ, ತಟ್ಟೆ ತಿರುಗಿಸದೆ, ಟರ್ನ್‌ಟೇಬಲ್ ಅನ್ನು ಆಂಪ್ಲಿಫೈಯರ್‌ನಿಂದ ಒಂದು ಮಾರು ದೂರಕ್ಕೆ ಸರಿಸಿ, ಬಳಿಕ ಇದ್ದಲ್ಲಿಯೇ ತುಸು ತಿರುಗಿಸಿ ನೋಡಿ. ಜಾಗ ಬದಲಾದಂತೆ ಹಮ್ ಬದಲಾದರೆ ಅದು ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್ ಬೀರುವ ಕಾಂತಕ್ಷೇತ್ರ ಕಾರ್ಟ್ರಿಡ್ಜ್‌ನ ಸುರುಳಿಗೆ ತಾಗುತ್ತಿರುವುದು, ಅರ್ತ್‌ಗೆ ಸಂಬಂಧಿಸಿದ್ದಲ್ಲ. ಎರಡನ್ನೂ ಒಂದರ ಮೇಲೊಂದು ಇಟ್ಟಿದ್ದರೆ ಬೇರೆ ಕಪಾಟಿಗೆ ಸರಿಸಿದರೆ ಸಾಕು. ಜಾಗ ಬದಲಿಸಿದರೂ ಸದ್ದು ಹಾಗೆಯೇ ಇದ್ದರೆ ಕಾರ್ಟ್ರಿಡ್ಜ್‌ನ ಹಿಂದಿನ ನಾಲ್ಕು ಚಿಕ್ಕ ತಂತಿಗಳಲ್ಲಿ ಯಾವುದಾದರೂ ಸಡಿಲವಾಗಿದೆಯೇ ಎಂದು ನೋಡಬೇಕಾಗುತ್ತದೆ. ಅದು ಹೆಚ್ಚಾಗಿ ಒಂದೇ ಚಾನೆಲ್‌ನಲ್ಲಿ ಕೇಳಿಸುತ್ತದೆ.